ಮೂರನೇ ದಿನದ ಮಾತ್ರೆ

2024ರ ಸೆಪ್ಟೆಂಬರ್ 4, ಬುಧವಾರ. ಸಂಜೆ ಆರೂವರೆಯ ಶಿವಾಜಿನಗರ. ಸಂತ ಮೇರಿ ಬೆಸಿಲಿಕಾದಲ್ಲಿ ಹಬ್ಬದ ಬಾವುಟ ಏರಿ ವಾರವಾಗುತ್ತ ಬಂತು. ಕಾವಿ ಸೀರೆ, ಕಾವಿ ಶರಟಿನ ಹರಕೆಯವರು ರಸ್ತೆ ತುಂಬ. ಭಾನುವಾರ ಅಮ್ಮನವರ ತೇರು. ಅದರ ಹಿಂದಿನ ದಿನವೇ ಗಣೇಶನ ಹಬ್ಬ ಬಿದ್ದಿರುವುದರಿಂದ ಪಾಟರಿ ಟೌನ್ ಕಡೆಯಿಂದ ಗಣಪತಿ ಹೊತ್ತ ಗೂಡ್ಸ್ ಆಟೋಗಳು ಹಾರ್ನ್ ಒತ್ತುತ್ತ ಅದೇ ಜನದೊಳಗೆ ನುಸುಳುತ್ತಿವೆ. ರಸ್ತೆಯ ಗುಂಡಿಗಳಲ್ಲಿ ನೀರು ನಿಂತಿದೆ. ನಿನ್ನೆಯಷ್ಟೇ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದೆ.

ಈ ಜಂಗುಳಿಯಿಂದ ನಿಮ್ಮನ್ನು ಪಕ್ಕದ ಗಲ್ಲಿಗೆ ಎಳೆದುಕೊಂಡು ಹೋಗಿ ಒಂದು ಮೆಡಿಕಲ್ ಷಾಪಿನ ಕೌಂಟರಿನ ಒಳಗಡೆ ನಿಲ್ಲಿಸುತ್ತೇನೆ. ಹೊರಗೆ ನಿಂತು ಮಾತ್ರೆ ಕೊಂಡವರು ನಾವೆಲ್ಲ. ಒಳಗೆ ನಿಂತು ನೋಡಿದರೆ ಊರಿನ ಜ್ವರ ಬೇರೆಯೇ ಕಾಣುತ್ತದೆ. ಮೊದಲು ಕಾಣುವುದು ಮುಖವಲ್ಲ, ಕೈ. ಮೊಬೈಲಿನಲ್ಲಿ ಹಳೆಯ ಚೀಟಿಯ ಫೋಟೋ ಹಿಡಿದ ಕೈ, ಖಾಲಿ ಸ್ಟ್ರಿಪ್ಪಿನ ತುಂಡು ಹಿಡಿದು ‘ಇದೇ ಬೇಕು’ ಅನ್ನುವ ಕೈ, ಮಗುವಿನ ಹಣೆಯ ಮೇಲಿಂದ ಎತ್ತಲಾಗದೆ ಎಡಗೈಯಲ್ಲೇ ನೋಟು ಚಾಚುವ ಕೈ. ಕನ್ನಡ, ತಮಿಳು, ದಖನಿ ಮೂರರಲ್ಲೂ ಒಂದೇ ಬೇಡಿಕೆ: ಜ್ವರಕ್ಕೆ ಒಂದು ಸೆಟ್ ಕೊಡಿ.

ಅಂಗಡಿಯವರು ಅರವತ್ತು ದಾಟಿದವರು. ದಾರ ಕಟ್ಟಿ ಮೇಜಿಗೆ ನೇತುಹಾಕಿದ ಕತ್ತರಿಯಿಂದ ಸ್ಟ್ರಿಪ್ ತುಂಡು ಮಾಡುತ್ತಾರೆ. ಅವರ ಮೊಣಕಾಲಿನ ಎತ್ತರಕ್ಕೆ ಜ್ವರದ ಡ್ರಾಯರ್. ಬಗ್ಗಿ ನೋಡಿ. ಎಡಗಡೆ ಪ್ಯಾರಾಸಿಟಮಾಲ್, 500 ಮತ್ತು 650. ಕೋವಿಡ್ ಕಾಲದಲ್ಲಿ ದೇಶದ ಮನೆಮಾತಾದ ಡೋಲೋ ಕೂಡ ಅಲ್ಲೇ ಇದೆ, ಬೆಂಗಳೂರಿನದೇ ಕಂಪನಿಯ ಮಾಲು. ಬಲಗಡೆಯದು ಇನ್ನೊಂದು ಬಳಗ: ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನಿಮೆಸುಲೈಡ್, ಮೆಫೆನಮಿಕ್ ಆ್ಯಸಿಡ್. ಬಹುಪಾಲು ಒಂಟಿಯಾಗಿಲ್ಲ, ಪ್ಯಾರಾಸಿಟಮಾಲ್ ಜೊತೆ ಬೆರೆತ ಮಾತ್ರೆಗಳು. ಉರಿಯೂತ ತಗ್ಗಿಸಿ ನೋವನ್ನೂ ಜ್ವರವನ್ನೂ ಇಳಿಸುವ ಜಾತಿ. ಡೈಕ್ಲೋಫೆನಾಕ್ ಸ್ಟ್ರಿಪ್ಪಿನ ಅಂಚಿನಲ್ಲಿ ಕೆಂಪು ಗೆರೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಅದರ ಅರ್ಥ. ಗಿರಾಕಿಗಳ ಬಾಯಲ್ಲಿ ಈ ಇಡೀ ಬಳಗಕ್ಕೆ ಒಂದೇ ಹೆಸರು: ‘ಪವರ್ ಇರೋದು’. ಬಳಗದ ಹಿರಿಯಣ್ಣ ಆ್ಯಸ್ಪಿರಿನ್ ಮಾತ್ರ ಇಲ್ಲಿಲ್ಲ. 1899ರಿಂದ ಜಗತ್ತಿನ ಜ್ವರ ಇಳಿಸಿದ ಮಾತ್ರೆ ಈಗ ಮೇಲಿನ ಕಪಾಟಿನಲ್ಲಿ ಹೃದಯದ ಔಷಧಿಗಳ ಸಾಲಿಗೆ ಸೇರಿಕೊಂಡಿದೆ.

‘ಅಣ್ಣ, ಆ ನೈಸ್ ಸಿರಪ್ ಕೊಡ್ತಿದ್ರಲ್ಲ ಮುಂಚೆ, ಟಕ್ ಅಂತ ಇಳೀತಿತ್ತು’ ಎಂದು ಅಜ್ಜಿಯೊಬ್ಬರು ಮೊಮ್ಮಗಳನ್ನು ತೋರಿಸಿ ಕೇಳುತ್ತಾರೆ. ನಿಮೆಸುಲೈಡ್ ಸಿರಪ್ಪಿನ ಕಾಲ ಅದು. ಯಕೃತ್ತಿಗೆ ಪೆಟ್ಟು ಬೀಳುತ್ತದೆಂಬ ವರದಿಗಳ ಮೇಲೆ ಫಿನ್ಲೆಂಡ್, ಸ್ಪೇನ್ 2002ರಲ್ಲೇ ಅದನ್ನು ಕೈಬಿಟ್ಟವು. ನಮ್ಮಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂಬ ಆದೇಶ ಬಂದದ್ದು 2011ರ ಫೆಬ್ರವರಿಯಲ್ಲಿ. ‘ಅದು ಈಗ ಮಕ್ಕಳಿಗಿಲ್ಲಮ್ಮ’ ಎಂದು ಪ್ಯಾರಾಸಿಟಮಾಲ್ ಸಿರಪ್ ತೆಗೆದು, ಮಗುವಿನ ತೂಕ ಕೇಳಿ, ಬಾಟಲಿಯ ಮುಚ್ಚಳದ ಮೇಲೆ ಪೆನ್ನಿನಿಂದ ಗೆರೆ ಎಳೆದು ಕೊಡುತ್ತಾರೆ. ಅಜ್ಜಿಗೆ ಅಷ್ಟು ಸಮಾಧಾನವಿಲ್ಲ.

ಅವರ ಹಿಂದೆ ಒಬ್ಬ ಹುಡುಗ. ಇಪ್ಪತ್ತೆರಡೋ ಇಪ್ಪತ್ತಮೂರೋ. ರಸೆಲ್ ಮಾರ್ಕೆಟಿನ ಹೂವಿನಂಗಡಿಯಲ್ಲಿ ಕೆಲಸ, ಬೆರಳ ತುದಿಯಲ್ಲಿ ಹಸಿರು ಕರೆ. ಸೆಕೆಯಲ್ಲೂ ಜರ್ಕಿನ್ ಹಾಕಿಕೊಂಡಿದ್ದಾನೆ.

‘ಅಣ್ಣ, ಜ್ವರ ಬಿಡ್ತಾನೇ ಇಲ್ಲ. ಡೋಲೋ ಹಾಕಿದ್ರೆ ಎರಡು ಗಂಟೆ ಇಳಿಯತ್ತೆ, ಮತ್ತೆ ಏರತ್ತೆ. ಪವರ್ ಇರೋದು ಕೊಡಿ.’

‘ಎಷ್ಟು ದಿನ ಆಯ್ತಪ್ಪಾ?’

‘ಸೋಮವಾರ ಬೆಳಗ್ಗೆಯಿಂದ.’

‘ಕಣ್ಣು ಹಿಂದೆ ನೋವಿದೆಯಾ?’

‘ಹೂಂ. ಆ ಕಡೆ ಈ ಕಡೆ ನೋಡಿದ್ರೆ ಸಾಕು, ಎಳೆಯತ್ತೆ.’

ಅಂಗಡಿಯವರು ಕತ್ತರಿ ಕೆಳಗಿಡುತ್ತಾರೆ. ‘ಮೂರನೇ ದಿನಕ್ಕೆ ನಾನು ಅದನ್ನ ಕೊಡಲ್ಲ. ಮೊದಲು ರಕ್ತ ತೋರಿಸ್ಕೊ. ಬೌರಿಂಗ್ ಆಸ್ಪತ್ರೆ ಇಲ್ಲೇ ಇದೆ, ನಡ್ಕೊಂಡೇ ಹೋಗು.’

‘ಹಬ್ಬದ ವ್ಯಾಪಾರ ಅಣ್ಣ, ಈಗ ರಜ ಹಾಕಿದ್ರೆ ಓನರ್ ಬಿಡಲ್ಲ.’

‘ಟೆಸ್ಟ್‌ಗೆ ಜಾಸ್ತಿ ದುಡ್ಡು ಕೇಳ್ತಾರೆ ಅಂತ ಭಯಾನಾ? ಸರ್ಕಾರ ರೇಟ್ ಕಟ್ಟಿದೆ, ಪ್ರೈವೇಟಲ್ಲೂ ಡೆಂಗಿಯ ಎರಡು ಟೆಸ್ಟೂ ಸೇರಿ 600 ರೂಪಾಯಿ ಮೇಲೆ ತಗೊಳ್ಳೋ ಹಾಗಿಲ್ಲ.’

ಹುಡುಗ ತಲೆಯಾಡಿಸಿ ಹೊರಡುತ್ತಾನೆ. ಅದು ‘ಹೋಗುತ್ತೇನೆ’ ಅನ್ನುವ ತಲೆಯಾಡಿಸುವಿಕೆ ಅಲ್ಲ, ನೋಡಿದರೇ ಗೊತ್ತಾಗುತ್ತದೆ.

ಅಂಗಡಿಯವರ ಮಾತಿನ ಬಗ್ಗೆ ಸಂಶೋಧನೆ ಓದಿಕೊಂಡವರು ತಕರಾರು ತೆಗೆಯಬಹುದು. ಐಬುಪ್ರೊಫೆನ್ ಜ್ವರಕ್ಕೆ ಒಳ್ಳೆಯದೆಂದು ತೋರಿಸಿದ ಅಧ್ಯಯನಗಳು ಹಗುರದವೇನಲ್ಲ. 1995ರಲ್ಲಿ ಪ್ರಕಟವಾದ ಬಾಸ್ಟನ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಜ್ವರ ಬಂದ 84,192 ಮಕ್ಕಳಿದ್ದರು. ಯಾರಿಗೆ ಪ್ಯಾರಾಸಿಟಮಾಲ್, ಯಾರಿಗೆ ಐಬುಪ್ರೊಫೆನ್ ಎಂದು ಚೀಟಿ ಎತ್ತಿದಂತೆ ಹಂಚಿದರು. ಆಮೇಲೆ ಹೊಟ್ಟೆಯೊಳಗಿನ ರಕ್ತಸ್ರಾವಕ್ಕೆಂದು ಆಸ್ಪತ್ರೆ ಸೇರಿದವರು ನಾಲ್ಕೇ ಮಕ್ಕಳು. ನಾಲ್ವರೂ ಐಬುಪ್ರೊಫೆನ್ ಪಾಲಿನವರು ನಿಜ, ಆದರೆ ಅಷ್ಟು ದೊಡ್ಡ ಗುಂಪಿನಲ್ಲಿ ಅದು ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕ ಸಂಖ್ಯೆ. ಮೂತ್ರಪಿಂಡ ಕೈಕೊಟ್ಟದ್ದು ಒಂದೂ ಇಲ್ಲ. 2008ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 156 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಮೊದಲ ನಾಲ್ಕು ಗಂಟೆ ಜ್ವರವಿಲ್ಲದೆ ಕಳೆಯುವುದರಲ್ಲಿ ಐಬುಪ್ರೊಫೆನ್ ಪ್ಯಾರಾಸಿಟಮಾಲನ್ನು ಹಿಂದೆ ಹಾಕಿತು. ಜ್ವರಕ್ಕೆ ಮೊದಲು ಅದನ್ನೇ ಕೊಡಿ ಎಂದೇ ಸಂಶೋಧಕರು ಬರೆದರು. ಅಲ್ಲಿಗೆ ಅದು ಸರಿ.

ಆದರೆ ಬಾಸ್ಟನ್ನಿನ, ಬ್ರಿಸ್ಟಲಿನ ಮಕ್ಕಳ ಜ್ವರ ಅಲ್ಲಿಯ ಜ್ವರ: ಕಿವಿಯದು, ಗಂಟಲಿನದು, ನೆಗಡಿಯದು. ಅಲ್ಲಿ ಯಾವ ಮಾತ್ರೆ ಬೇಗ ತಣಿಸುತ್ತದೆಂದು ಕೇಳಿದರೆ ಸಾಕು. ಸೆಪ್ಟೆಂಬರಿನ ಶಿವಾಜಿನಗರದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ, ಅಂಗಡಿಯವರು ಕೇಳಿದ್ದು ಅದನ್ನೇ: ಎಷ್ಟನೇ ದಿನ? ನನ್ನನ್ನು ಕೇಳಿದರೆ, ವಿದೇಶದ ಪ್ರಯೋಗದ ಫಲಿತಾಂಶ ಇಲ್ಲಿಗೆ ಬರುವಾಗ ದಾರಿಯಲ್ಲಿ ಕಳೆದುಕೊಳ್ಳುವುದು ಯಾರ ಜ್ವರ, ಯಾವ ಊರಿನ ಜ್ವರ ಎಂಬ ಆ ಒಂದು ಸಾಲನ್ನು. ಕಂಪನಿಯ ರೆಪ್ ತರುವ ಬಣ್ಣದ ಕಾಗದದಲ್ಲಂತೂ ಅದು ಇರುವುದೇ ಇಲ್ಲ.

ಹುಡುಗನ ಹಿಂದೆ ನಡೆಯಿರಿ. ಎರಡು ತಿರುವು ಆಚೆ ಇನ್ನೊಂದು ಅಂಗಡಿ. ಅಲ್ಲಿ ಯಾರೂ ದಿನ ಕೇಳುವುದಿಲ್ಲ. ನಾಲ್ಕು ಮಾತ್ರೆಯ ತುಂಡು, ಡೈಕ್ಲೋಫೆನಾಕ್ 50, ಪ್ಯಾರಾಸಿಟಮಾಲ್ 325. ಕೆಂಪು ಗೆರೆಯ ಅಂಚು ಕತ್ತರಿಗೆ ಸಿಕ್ಕಿ ಅಂಗಡಿಯಲ್ಲೇ ಉಳಿಯಿತು. ಬಸ್ ನಿಲ್ದಾಣದ ಪಕ್ಕ ಟೀ ಕುಡಿದು ಒಂದು ನುಂಗುತ್ತಾನೆ, ಖಾಲಿ ಹೊಟ್ಟೆ. ಕೆ.ಆರ್. ಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅವನ ಪಕ್ಕ ಕೂತುಕೊಳ್ಳಿ. ತೋಳು ತಗಲಿದರೆ ಜರ್ಕಿನ್ನಿನ ಮೇಲಿಂದಲೇ ಕಾವು ಗೊತ್ತಾಗುತ್ತದೆ. ಮೈ 103 ಡಿಗ್ರಿ ಇದ್ದರೂ ಅವನು ನಡುಗುತ್ತಿದ್ದಾನೆ.

ನಡುಕದ ಕಾರಣ ತಲೆಯೊಳಗಿದೆ. ವೈರಸ್ಸಿನ ಎದುರು ಎದ್ದ ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್‌ಗಳೆಂಬ ಸಂದೇಶಗಳನ್ನು ರಕ್ತಕ್ಕೆ ಬಿಟ್ಟಿವೆ. ಮಿದುಳಿನ ರಕ್ತನಾಳಗಳ ಒಳಗೋಡೆಗೆ ಆ ಸಂದೇಶ ಮುಟ್ಟಿ ಅಲ್ಲಿ ಪ್ರೋಸ್ಟಗ್ಲಾಂಡಿನ್ ಇ2 ಎಂಬ ಪುಟ್ಟ ಅಣು ತಯಾರಾಗುತ್ತಿದೆ. ಅದು ಹೈಪೊಥಲಾಮಸ್ಸಿಗೆ ಹೋಗಿ, ಗೀಸರಿನ ಗುಬುಟು ತಿರುಗಿಸಿದ ಹಾಗೆ, ಮೈಯ ಕಾವಿನ ಗುರಿಯನ್ನೇ ಮೇಲಕ್ಕೆ ಇಟ್ಟಿದೆ. ಗುರಿ ಮುಟ್ಟುವವರೆಗೂ ಮೈಗೆ ಚಳಿಯೇ. ಅದಕ್ಕೇ ಜರ್ಕಿನ್.

ಬಸ್ಸು ಹಲಸೂರು ಕೆರೆಯ ಕಡೆ ಹೊರಳುತ್ತದೆ. ಆಚೆಗೆ ಮದ್ರಾಸ್ ಸ್ಯಾಪರ್ಸ್‌ನವರ ನೆಲ, ಹಳೆಯ ದಂಡು ಪ್ರದೇಶ. 1883ರಲ್ಲಿ ಈ ದಂಡಿಗೆ ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿ ಬಂದವನು ಇಪ್ಪತ್ತಾರರ ರೊನಾಲ್ಡ್ ರಾಸ್. ತನ್ನ ಬಂಗಲೆಯಲ್ಲಿ ಸೊಳ್ಳೆಕಾಟ ಹೆಚ್ಚೆಂದು ಹುಡುಕಿದಾಗ ಕಿಟಕಿಯ ಹೊರಗೆ ನೀರಿನ ತೊಟ್ಟಿ ಸಿಕ್ಕಿತು, ತುಂಬ ಮರಿಹುಳು. ತೊಟ್ಟಿ ಮಗುಚಿದ, ಸೊಳ್ಳೆ ಕಡಿಮೆಯಾದವು. ಮೆಸ್ಸಿನ ತೊಟ್ಟಿಗಳನ್ನೂ ಮಗುಚೋಣವೆಂದರೆ ಅಡ್ಜುಟೆಂಟ್ ಒಪ್ಪಲಿಲ್ಲ, ಪ್ರಕೃತಿಯ ಕ್ರಮ ಕೆಡಿಸಬಾರದಂತೆ. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ರಾಸ್ ತೋರಿಸಿ ನೊಬೆಲ್ ಪಡೆದದ್ದು ಆಮೇಲಿನ ಮಾತು. ತಮಾಷೆಯೆಂದರೆ ಅದೇ 1883ರಲ್ಲಿ ಜರ್ಮನಿಯಲ್ಲಿ ಲುಡ್ವಿಗ್ ಕ್ನೋರ್ ಆಂಟಿಪೈರಿನ್ ತಯಾರಿಸಿದ. ರಾಸಾಯನಿಕದಿಂದ ಜ್ವರ ಇಳಿಸುವ ಮೊದಲ ಯಶಸ್ವಿ ಮದ್ದುಗಳಲ್ಲಿ ಅದೊಂದು. ತೊಟ್ಟಿ ಮಗುಚುವ ದಾರಿ, ಮಾತ್ರೆ ನುಂಗುವ ದಾರಿ ಎರಡೂ ಒಂದೇ ವರ್ಷ ತೆರೆದವು. ಯಾವುದು ಹೆಚ್ಚು ಜನಪ್ರಿಯವಾಯಿತೆಂದು ಹೇಳಬೇಕಾಗಿಲ್ಲ. ನಿನ್ನೆಯ ಅಧಿಸೂಚನೆಯಲ್ಲೂ ತೊಟ್ಟಿ ಬಂದಿದೆ: ಸೊಳ್ಳೆ ಮರಿ ಸಿಕ್ಕಿದರೆ ನಗರದ ಮನೆಗೆ 400 ರೂಪಾಯಿ ದಂಡ, ಅಂಗಡಿ ಮುಂಗಟ್ಟಿಗೆ 1,000, ಖಾಲಿ ಸೈಟಿಗೂ ಕಟ್ಟಡದ ಕೆಲಸ ನಡೆಯುವ ಜಾಗಕ್ಕೂ 2,000.

ಸೋಮೇಶ್ವರ ದೇವಸ್ಥಾನದ ತಿರುವು, ಹಳೇ ಮದ್ರಾಸ್ ರಸ್ತೆ, ಇಂದಿರಾನಗರದ ಸಿಗ್ನಲ್. ಮಾತ್ರೆ ಕರಗಿ ರಕ್ತಕ್ಕೆ ಇಳಿಯತೊಡಗಿದೆ. ಅದು ಮಾಡುವ ಕೆಲಸವನ್ನು ಮೊದಲು ಕಂಡವನು ಜಾನ್ ವೇನ್. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಪ್ರಯೋಗಾಲಯದಲ್ಲಿ ಗಿನಿಪಿಗ್ಗಿನ ಶ್ವಾಸಕೋಶ ಅರೆದು, ಆ ರಸಕ್ಕೆ ಆ್ಯಸ್ಪಿರಿನ್ ಹಾಕಿದಷ್ಟೂ ಪ್ರೋಸ್ಟಗ್ಲಾಂಡಿನ್ ತಯಾರಿ ಕುಗ್ಗುತ್ತದೆಂದು 1971ರಲ್ಲಿ ಪ್ರಕಟಿಸಿದ. 1982ರ ನೊಬೆಲ್‌ನಲ್ಲಿ ಅವನಿಗೂ ಪಾಲು ಬಂತು. ಜನರಿಗೆ ನೆನಪಿರುವುದು ವೇನ್ ಬರೆದ ಲೇಖನ. ಅದೇ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಸ್ಮಿತ್ ಮತ್ತು ವಿಲ್ಲಿಸ್ ಎಂಬಿಬ್ಬರದು ಇನ್ನೊಂದಿತ್ತು: ಆ್ಯಸ್ಪಿರಿನ್ ಮನುಷ್ಯನ ಪ್ಲೇಟ್ಲೆಟ್‌ಗಳಲ್ಲೂ ಇದೇ ತಯಾರಿಯನ್ನು ನಿಲ್ಲಿಸುತ್ತದೆ. ನಮ್ಮ ಬಸ್ಸಿನ ಹುಡುಗನಿಗೆ ಆ ಎರಡನೆಯ ಲೇಖನವೇ ಮುಖ್ಯ.

ಏಕೆಂದರೆ ಮಾತ್ರೆಗೆ ತಲೆ ಯಾವುದು, ಹೊಟ್ಟೆ ಯಾವುದು ಗೊತ್ತಿಲ್ಲ. ರಕ್ತ ಹೋದಲ್ಲೆಲ್ಲ ಹೋಗಿ ಸೈಕ್ಲೊಆಕ್ಸಿಜನೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಮಿದುಳಿನಲ್ಲಿ ತಡೆದಾಗ ಜ್ವರ ಇಳಿಯುತ್ತದೆ. ಜಠರದ ಒಳಪದರದಲ್ಲಿ ತಡೆದಾಗ ಅಲ್ಲಿನ ರಕ್ಷಣೆ ತೆಳುವಾಗುತ್ತದೆ. ಪ್ಲೇಟ್ಲೆಟ್‌ಗಳಲ್ಲಿ ತಡೆದಾಗ ಗಾಯಕ್ಕೆ ಒಂದಕ್ಕೊಂದು ಅಂಟಿಕೊಳ್ಳುವ ಅವುಗಳ ಸ್ವಭಾವ ಮಂಕಾಗುತ್ತದೆ. ಆ್ಯಸ್ಪಿರಿನ್ ತಡೆದರೆ ಆ ಪ್ಲೇಟ್ಲೆಟ್ ಬದುಕಿರುವಷ್ಟು ಕಾಲ, ಅಂದರೆ ವಾರ ಹತ್ತು ದಿನ, ಬಿಡುಗಡೆಯಿಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್ ರಕ್ತದಿಂದ ಹೋದಂತೆ ಹಿಡಿತ ಸಡಿಲವಾಗುತ್ತದೆ. ಪ್ಯಾರಾಸಿಟಮಾಲ್‌ಗೆ ಮಿದುಳಿನಾಚೆ ಈ ಕೈ ಅಷ್ಟಾಗಿ ನಡೆಯದು, ಹಾಗೆಂದೇ ಅದು ಊತ ಇಳಿಸುವುದಿಲ್ಲ, ಹಾಗೆಂದೇ ಅದಕ್ಕೆ ‘ಪವರ್ ಇಲ್ಲ’ ಎಂಬ ಅಪವಾದ. ಡೆಂಗಿಯಲ್ಲಿ ಪ್ಲೇಟ್ಲೆಟ್ ಸಂಖ್ಯೆ ಹೇಗೂ ಇಳಿಯುತ್ತದೆ. ಈ ಮಾತ್ರೆ ಉಳಿದವನ್ನೂ ಕೆಲಸ ಬಿಡಿಸಿ ಕೂರಿಸುತ್ತದೆ. ಪ್ಲೇಟ್ಲೆಟ್ ಗೊಡವೆ ಬೇಡವೆಂದು ನಿಮೆಸುಲೈಡ್ ಹಿಡಿಯೋಣವೆಂದರೆ ಅದರ ಕಣ್ಣು ಯಕೃತ್ತಿನ ಮೇಲೆ, ಡೆಂಗಿಯ ಕಣ್ಣೂ ಅಲ್ಲೇ.

ಮೂತ್ರಪಿಂಡದ ಮಾತು ಬಿಡಬಾರದು. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡದ ರಕ್ತನಾಳಗಳನ್ನು ತೆರೆದಿಡುವುದೂ ಪ್ರೋಸ್ಟಗ್ಲಾಂಡಿನ್‌ಗಳೇ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಇಡೀ ಉಪಖಂಡದಲ್ಲಿ ಅವುಗಳ ಸಂತತಿಯನ್ನೇ ತೊಳೆದುಹಾಕಿದ್ದು 2004ರಲ್ಲಿ ಬಯಲಾಯಿತು. ಪಶುವೈದ್ಯದಲ್ಲಿ ಅದು ನಿಷೇಧವಾದದ್ದು 2006ರಲ್ಲಿ. ರಾಮನಗರದ ರಾಮದೇವರ ಬೆಟ್ಟದಲ್ಲಿ ಅಳಿದುಳಿದ ಹದ್ದುಗಳಿಗಾಗಿ ಒಂದು ಅಭಯಧಾಮ ಆಯಿತು. ಮನುಷ್ಯನ ಮೂತ್ರಪಿಂಡ ಹದ್ದಿನದಷ್ಟು ಸೂಕ್ಷ್ಮವಲ್ಲ. ಮೂರು ದಿನ ಸರಿಯಾಗಿ ನೀರು ಕುಡಿಯದೆ ಹೂವಿನ ಮೂಟೆ ಹೊತ್ತವನದು ಎಷ್ಟು ತಡೆದೀತು?

ಟಿನ್ ಫ್ಯಾಕ್ಟರಿ. ಬಸ್ಸು ನಿಂತಿತೆಂದರೆ ನಿಂತಿತು. ಮೆಟ್ರೊ ಕಾಮಗಾರಿಯ ನೀಲಿ ತಗಡು, ಆಚೆ ತೂಗುಸೇತುವೆಯ ಕಂಬಗಳು. ಪಕ್ಕಕ್ಕೆ ತಿರುಗಿ ನೋಡಿ: ಹುಡುಗ ಜರ್ಕಿನ್ ಜಿಪ್ ಇಳಿಸುತ್ತಿದ್ದಾನೆ. ಹಣೆಯಲ್ಲಿ ಬೆವರು ಮೂಡಿ ಕೆನ್ನೆಗಿಳಿದು ಶರಟಿನ ಕಾಲರ್ ಒದ್ದೆಯಾಗಿದೆ. ಕಾವಿನ ಗುರಿ ಕೆಳಗಿಳಿಯಿತು. ಮೈ ಈಗ ಹೆಚ್ಚಿನ ಬಿಸಿಯನ್ನು ಹೊರಗೆ ಚೆಲ್ಲುತ್ತಿದೆ. ಕಣ್ಣಿನ ಹಿಂದಿನ ಎಳೆತವೂ ಹೋಯಿತು. ಮೊಬೈಲ್ ತೆಗೆದು ಅಮ್ಮನಿಗೆ ಹೇಳುತ್ತಾನೆ: ‘ಜ್ವರ ಬಿಡ್ತು ಕಣಮ್ಮ, ಒಳ್ಳೆ ಮಾತ್ರೆ ಸಿಕ್ತು. ಅನ್ನ ಇಟ್ಟಿರು.’ ಮಾತ್ರೆ ಮಾಡಬೇಕಾದ್ದನ್ನೇ ಮಾಡಿತು, ಅದರಲ್ಲಿ ಮೋಸವೇನಿಲ್ಲ. ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ ಅಷ್ಟೆ.

ಜ್ವರ ಇಳಿದರೆ ರೋಗ ಇಳಿಯಿತೆಂಬ ನಂಬಿಕೆ ಬಡವರದು, ಓದದವರದು ಎಂದುಕೊಳ್ಳಬೇಡಿ. ಉತ್ತರ ಅಮೆರಿಕದ ದೊಡ್ಡ ಆಸ್ಪತ್ರೆಗಳೇ ಅದನ್ನು ಪರೀಕ್ಷೆಗಿಟ್ಟವು. ರಕ್ತಕ್ಕೆ ನಂಜೇರಿದ 455 ರೋಗಿಗಳಲ್ಲಿ ಕೆಲವರಿಗೆ ಐಬುಪ್ರೊಫೆನ್ ಅನ್ನು ನೇರ ರಕ್ತನಾಳಕ್ಕೆ ಕೊಟ್ಟು ನೋಡಿದ ಪ್ರಯೋಗ 1997ರಲ್ಲಿ ಪ್ರಕಟವಾಯಿತು. ಜ್ವರ ಇಳಿಯಿತು, ನಾಡಿ ಇಳಿಯಿತು, ಪರದೆಯ ಮೇಲಿನ ಅಂಕಿಗಳೆಲ್ಲ ಚೆಂದವಾದವು. ಮೂವತ್ತು ದಿನಗಳಲ್ಲಿ ತೀರಿಕೊಂಡವರು ಐಬುಪ್ರೊಫೆನ್ ಗುಂಪಿನಲ್ಲಿ ನೂರಕ್ಕೆ 37, ಸುಮ್ಮನೆ ನೀರು ಹೋದ ಗುಂಪಿನಲ್ಲಿ 40. ಹೇಳಿಕೊಳ್ಳುವಂಥ ವ್ಯತ್ಯಾಸ ಅಲ್ಲ. ಅದಕ್ಕೂ ಹಿಂದೆ, 1976ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಹನ್ನೆರಡು ಮರುಭೂಮಿ ಹಲ್ಲಿಗಳಿಗೆ ಬ್ಯಾಕ್ಟೀರಿಯಾ ಚುಚ್ಚಿ, ಜೊತೆಗೆ ಆ್ಯಸ್ಪಿರಿನ್ನಿನ ಸೋದರ ಸೋಡಿಯಂ ಸ್ಯಾಲಿಸಿಲೇಟನ್ನೂ ಕೊಟ್ಟಿದ್ದರು. ಹಲ್ಲಿ ತಣ್ಣನೆಯ ರಕ್ತದ ಪ್ರಾಣಿ. ಜ್ವರ ಬೇಕೆಂದರೆ ಬೆಚ್ಚಗಿನ ಜಾಗಕ್ಕೆ ತೆವಳಿಕೊಂಡು ಹೋಗುತ್ತದೆ. ಔಷಧಿ ತಡೆದರೂ ಬಿಡದೆ ಮೈ ಬಿಸಿ ಮಾಡಿಕೊಂಡ ಐದು ಬದುಕಿದವು. ಜ್ವರ ಬರಿಸಿಕೊಳ್ಳದ ಏಳೂ ಸತ್ತವು. ಹಲ್ಲಿಯ ಪಾಠವನ್ನು ಮನುಷ್ಯನಿಗೆ ಹಾಗೇ ಹಚ್ಚಲಾಗದು, ಜ್ವರ ಇಳಿಸಿಕೊಂಡ ಮನುಷ್ಯರು ಸಾಲುಸಾಲಾಗಿ ಸಾಯುವುದೂ ಇಲ್ಲ. ಸುಸ್ತು, ಮೈನೋವು ತಡೆಯಲಾಗದಾಗ ಪ್ಯಾರಾಸಿಟಮಾಲ್ ನುಂಗುವುದರಲ್ಲಿ ತಪ್ಪಿಲ್ಲ. ಆರು ಗಂಟೆಯ ಅಂತರವಿರಲಿ, ದಿನಕ್ಕೆ 4 ಗ್ರಾಂ ದಾಟದಿರಲಿ. ದಾಟಿದರೆ ಅದೂ ಯಕೃತ್ತನ್ನು ಸುಡುತ್ತದೆ. ನಮ್ಮ ಹುಡುಗ ಡೋಲೋ ಮೇಲೆ ಈ ಬೆರಕೆ ಮಾತ್ರೆ ನುಂಗಿದ್ದರಿಂದ ಪ್ಯಾರಾಸಿಟಮಾಲ್ ಎರಡು ಕಡೆಯಿಂದ ಹೋಗುತ್ತಿದೆ, ಅವನಿಗೆ ಗೊತ್ತಿಲ್ಲ.

ಗುರುವಾರ ಎರಡು ಮಾತ್ರೆ ಹಾಕಿಕೊಂಡು ಮಾರ್ಕೆಟಿಗೆ ಹೋದ. ರಾತ್ರಿ ಕೊನೆಯದು.

ಶುಕ್ರವಾರ ಗೌರಿ ಹಬ್ಬ, ಜ್ವರದ ಐದನೇ ದಿನ. ಕೆ.ಆರ್. ಪುರದ ಒಂದೂವರೆ ಕೋಣೆಯ ಬಾಡಿಗೆ ಮನೆ. ಮೂಲ ಊರು ಮಾಲೂರು ಕಡೆ. ನೀರು ದಿನ ಬಿಟ್ಟು ದಿನ ಬರುವುದರಿಂದ ಬಾಗಿಲ ಪಕ್ಕ ಎರಡು ನೀಲಿ ಡ್ರಮ್ಮು, ಒಂದಕ್ಕೆ ಮುಚ್ಚಳವಿಲ್ಲ. ಬೆಳಗ್ಗೆ ಅಮ್ಮ ಹಣೆ ಮುಟ್ಟಿ ನೋಡಿದರೆ ತಣ್ಣಗಿದೆ. ಮಾತ್ರೆಯೂ ಮುಗಿದಿದೆ, ಜ್ವರವೂ ಇಲ್ಲ. ‘ಗೌರಮ್ಮ ಕಣ್ಣು ಬಿಟ್ಲು’ ಎಂದು ಬಾಗಿನದ ಮೊರಕ್ಕೆ ಅರಿಶಿನ ಹಚ್ಚುತ್ತಾರೆ. ನಾಳಿನ ಕಡುಬಿಗೆ ತೆಂಗಿನಕಾಯಿ ತುರಿಯುತ್ತಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲಿ. ಡೆಂಗಿಯ ನಿಜವಾದ ಗಂಡಾಂತರ ಶುರುವಾಗುವುದು ಹೀಗೆ ಹಣೆ ತಣ್ಣಗಾದ ಮೇಲೆ. ಮೂರರಿಂದ ಏಳನೇ ದಿನದ ನಡುವೆ ಜ್ವರ ತಾನಾಗಿಯೇ ಬಿಡುತ್ತದೆ, ಆ ಹೊತ್ತಿಗೇ ಕೆಲವರಲ್ಲಿ ರಕ್ತನಾಳಗಳು ಸೋರತೊಡಗುತ್ತವೆ. ಒಂದೆರಡು ದಿನ ರಕ್ತದ ನೀರಿನಂಶ ಎದೆಗೆ, ಹೊಟ್ಟೆಗೆ ಜಿನುಗುತ್ತದೆ, ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ. ಬಹುಪಾಲು ಜನ ಇದನ್ನು ಗೊತ್ತೇ ಆಗದೆ ದಾಟುತ್ತಾರೆ. ದಾಟಲಾಗದವರಿಗೆ ಮೊದಲ ಸೂಚನೆ ಜ್ವರವಲ್ಲ, ಹೊಟ್ಟೆನೋವು. ಮಾತ್ರೆಯಿಂದ ಇಳಿದ ಜ್ವರಕ್ಕೂ ತಾನಾಗಿ ಬಿಟ್ಟ ಜ್ವರಕ್ಕೂ ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ. ಮೂರನೇ ದಿನದಿಂದ ನೋವಿನ ಮಾತ್ರೆ ಮೇಲೆ ಮಾತ್ರೆ ಬಿದ್ದರೆ ಈ ತಿರುವು ಯಾವಾಗ ಬಂತೆಂದು ಮನೆಯವರಿಗೂ ಗೊತ್ತಾಗದು, ವೈದ್ಯರಿಗೂ ಹೇಳಲಾಗದು. ರಕ್ತಸ್ರಾವದ ಭಯಕ್ಕಿಂತ ನನಗೆ ಇದೇ ದೊಡ್ಡ ತೊಡಕಾಗಿ ಕಾಣುತ್ತದೆ.

ಮಧ್ಯಾಹ್ನ ಒಬ್ಬಟ್ಟು ಬಡಿಸಿದರೆ ಹುಡುಗ ತಟ್ಟೆ ತಳ್ಳಿದ. ಹೊಟ್ಟೆಯ ಮೇಲ್ಭಾಗ ಹಿಡಿದುಕೊಂಡು ಮಗ್ಗುಲಾದ. ಎರಡು ಸಲ ವಾಂತಿ. ನಾಲ್ಕು ಗಂಟೆಗೆ ಮೂರನೆಯದು, ಅದರಲ್ಲಿ ಕಾಫಿ ಚರಟದಂಥ ಕಪ್ಪು. ಹಲ್ಲುಜ್ಜಿದಾಗಲೂ ಒಸಡಿನಲ್ಲಿ ರಕ್ತ ಬಂದಿತ್ತೆಂದು ಈಗ ಹೇಳುತ್ತಾನೆ. ಪಕ್ಕದ ಮನೆಯ ಆಟೋದವರು ಹಬ್ಬದ ಪಂಚೆಯಲ್ಲೇ ಗಾಡಿ ತೆಗೆದರು. ಹಳೇ ಮದ್ರಾಸ್ ರಸ್ತೆಯಲ್ಲಿ ವಾಪಸ್, ಇಂದಿರಾನಗರ, 80 ಅಡಿ ರಸ್ತೆ, ಸರ್ ಸಿ.ವಿ. ರಾಮನ್ ಸರ್ಕಾರಿ ಆಸ್ಪತ್ರೆ. ಮಂಚದ ಪಕ್ಕ ಜಾಗ ಮಾಡಿಕೊಂಡು ನಿಲ್ಲಿ, ಯಾರ ಕೈಗೂ ಅಡ್ಡ ಬರಬೇಡಿ.

ಡ್ಯೂಟಿ ಡಾಕ್ಟರ್ ಹಣೆ ಮುಟ್ಟುವುದೇ ಇಲ್ಲ. ಕೈ ಹಿಡಿದು ನಾಡಿ ನೋಡುತ್ತಾರೆ, ಅಂಗೈ ತಣ್ಣಗಿದೆ. ಬೆರಳಿನ ಉಗುರು ಒತ್ತಿ ಬಿಟ್ಟು, ಬಣ್ಣ ಮರಳಲು ಎಷ್ಟು ಹೊತ್ತಾಯಿತೆಂದು ನೋಡುತ್ತಾರೆ. ಬಲ ಪಕ್ಕೆಯ ಕೆಳಗೆ ಒತ್ತಿದಾಗ ಹುಡುಗ ಮುಲುಗುತ್ತಾನೆ.

‘ಏನೇನು ಮಾತ್ರೆ ತಗೊಂಡೆ?’

ಅವನು ಜೇಬಿನಿಂದ ಖಾಲಿ ತುಂಡು ತೆಗೆಯುತ್ತಾನೆ. ಕತ್ತರಿಸಿದ ಸ್ಟ್ರಿಪ್ಪಿನಲ್ಲಿ ಹೆಸರಿನ ಅರ್ಧವೇ ಉಳಿದಿದೆ, ‘ಫೆನಾಕ್’ ಎಂಬಷ್ಟು. ಡಾಕ್ಟರಿಗೆ ಅಷ್ಟೇ ಸಾಕು. ‘ಎಷ್ಟು?’ ‘ನಾಲ್ಕು ಮೇಡಂ.’ ಬೈಯುವುದಕ್ಕೆ ಅವರಿಗೆ ಪುರುಸೊತ್ತಿಲ್ಲ. ಸಿಸ್ಟರ್‌ಗೆ ಹೇಳಿ ಹೊಟ್ಟೆಯ ಇಂಜೆಕ್ಷನ್ ಬರೆಸುತ್ತಾರೆ, ಸಲೈನ್ ಹಾಕಿಸುತ್ತಾರೆ, ರಕ್ತ ಕಳಿಸುತ್ತಾರೆ.

ರಿಪೋರ್ಟ್ ಬಂದಾಗ ಅಮ್ಮ ಕೇಳುವುದು ಎಲ್ಲರೂ ಕೇಳುವ ಪ್ರಶ್ನೆ: ‘ಪ್ಲೇಟ್ಲೆಟ್ ಎಷ್ಟಿದೆ ಮೇಡಂ? ಪಪ್ಪಾಯಿ ಎಲೆ ರಸ ತರಿಸ್ಲಾ?’ ಆರೋಗ್ಯವಂತರಲ್ಲಿ ಒಂದೂವರೆ ಲಕ್ಷಕ್ಕೆ ಮೇಲಿರಬೇಕಾದ್ದು ಇವನಲ್ಲಿ ಸಾವಿರಗಳಲ್ಲಿದೆ. ಡಾಕ್ಟರ್ ಬೆರಳಿಟ್ಟದ್ದು ಬೇರೆ ಸಾಲಿನ ಮೇಲೆ, ಪಿಸಿವಿ. ನೂರು ಪಾಲು ರಕ್ತದಲ್ಲಿ ಕೆಂಪುಕಣ ಎಷ್ಟು ಪಾಲೆಂಬ ಅಂಕಿ. ಅದು ಏರಿದೆಯೆಂದರೆ ನೀರು ಸೋರಿದೆಯೆಂದು ಲೆಕ್ಕ. ರಾತ್ರಿಯಿಡೀ ನಡೆಯುವುದು ಇದೇ: ಕೆಲವು ಗಂಟೆಗೊಮ್ಮೆ ರಕ್ತ, ಪಿಸಿವಿ, ಬಿಪಿ, ಮೂತ್ರ ಎಷ್ಟು ಹೋಯಿತೆಂಬ ಅಳತೆ, ಅದಕ್ಕೆ ತಕ್ಕಂತೆ ಸಲೈನಿನ ಹನಿ ಹೆಚ್ಚಿಸುವುದು, ತಗ್ಗಿಸುವುದು. ಕಡಿಮೆಯಾದರೆ ಬಿಪಿ ಕುಸಿಯುತ್ತದೆ, ಹೆಚ್ಚಾದರೆ ಸೋರಿದ್ದೆಲ್ಲ ಎದೆ ತುಂಬಿ ಉಸಿರು ಕಟ್ಟುತ್ತದೆ. ಡೆಂಗಿಗೆ ಇವತ್ತಿಗೂ ದೊಡ್ಡ ಚಿಕಿತ್ಸೆ ಇದು: ಉಪ್ಪುನೀರು, ಮತ್ತು ನಿದ್ದೆಗೆಟ್ಟು ಲೆಕ್ಕ ಇಡುವ ಒಬ್ಬರು. ಹೊರಗೆ ಯಾವುದೋ ಪೆಂಡಾಲಿನಲ್ಲಿ ಮೈಕ್ ಟೆಸ್ಟಿಂಗ್ ನಡೆದಿದೆ.

ಹೊಟ್ಟೆಯಲ್ಲಿ ರಕ್ತ ಬಂದದ್ದು ಆ ನಾಲ್ಕು ಮಾತ್ರೆಯಿಂದಲೇ? ಹಾಗೆಂದು ಯಾರೂ ಆಣೆ ಇಟ್ಟು ಹೇಳಲಾರರು. ಒಂದೂ ಮಾತ್ರೆ ನುಂಗದವರಲ್ಲೂ ಡೆಂಗಿ ರಕ್ತಸ್ರಾವ ಮಾಡುತ್ತದೆ. ಬಾಸ್ಟನ್ನಿನಂತೆ ಎಂಬತ್ತು ಸಾವಿರ ಡೆಂಗಿ ರೋಗಿಗಳಿಗೆ ಚೀಟಿ ಎತ್ತಿ ಐಬುಪ್ರೊಫೆನ್ ಹಂಚಿ ನೋಡೋಣವೆಂದರೆ ಯಾವ ನೈತಿಕ ಸಮಿತಿ ಒಪ್ಪೀತು? ಹೀಗಾಗಿ ಇಲ್ಲಿನ ನೇರ ಸಾಕ್ಷ್ಯ ತೆಳು; ಎಚ್ಚರಿಕೆ ನಿಂತಿರುವುದು ವೇನ್, ಸ್ಮಿತ್, ವಿಲ್ಲಿಸ್ ತೋರಿಸಿದ ಕಾರ್ಯವಿಧಾನದ ಮೇಲೆ, ವಾರ್ಡುಗಳ ಅನುಭವದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2009ರ ಡೆಂಗಿ ಮಾರ್ಗಸೂಚಿಯಲ್ಲೂ 2025ರಲ್ಲಿ ಡೆಂಗಿ, ಚಿಕುನ್‌ಗುನ್ಯಾ, ಝೀಕಾ, ಹಳದಿ ಜ್ವರಗಳಿಗೆ ಸೇರಿಸಿ ತಂದ ಮಾರ್ಗಸೂಚಿಯಲ್ಲೂ ಈ ಬಳಗದ ಮಾತ್ರೆ ಬೇಡವೆಂದೇ ಹೇಳಿದೆ. ಕೊಟ್ಟರೆ ಆಗುವ ಲಾಭ ಎರಡು ಮೂರು ಗಂಟೆಯ ತಂಪು. ಅಷ್ಟಕ್ಕೆ ಈ ಜೂಜು ಯಾಕೆಂದು ನಾನೂ ಕೇಳುತ್ತೇನೆ.

ಭಾನುವಾರ ಶಿವಾಜಿನಗರದಲ್ಲಿ ತೇರು ಎಳೆಯುವ ಹೊತ್ತಿಗೆ ಹುಡುಗನ ಪಿಸಿವಿ ಇಳಿದಿತ್ತು, ಮೂತ್ರ ಸಲೀಸಾಗಿತ್ತು. ಹಸಿವು ಎಂದ. ಕೈಕಾಲು ತುಂಬ ನವೆ, ಕೆಂಪಿನ ನಡುವೆ ಅಲ್ಲಲ್ಲಿ ಬಿಳಿ ಮಚ್ಚೆ. ಅದು ವಾಸಿಯಾಗುವ ಗುರುತು. ಆಮೇಲೆ ಎರಡು ದಿನಕ್ಕೆ ಮನೆಗೆ ಕಳಿಸಿದರು.

ಮುಂದಿನ ವಾರ ಮರುತಪಾಸಣೆಗೆ ಬಂದಾಗ ಹೂವಿನಂಗಡಿಯ ಜೊತೆಗಾರನೂ ಇದ್ದ. ಮೂವತ್ತರ ಆಳು, ಆದರೆ ಮೆಟ್ಟಿಲು ಹತ್ತುವುದು ಎಂಬತ್ತರ ಮುದುಕನಂತೆ. ಮಣಿಕಟ್ಟು ಊದಿದೆ, ಬೆಳಗ್ಗೆ ಹೂವಿನ ದಾರಕ್ಕೆ ಗಂಟು ಹಾಕಲೂ ಬೆರಳು ಮಡಚುವುದಿಲ್ಲವಂತೆ. ಅವನದು ಚಿಕುನ್‌ಗುನ್ಯಾ, ಜ್ವರ ಬಿಟ್ಟು ಎರಡು ವಾರ ದಾಟಿದೆ, ಡೆಂಗಿ ಇಲ್ಲವೆಂಬ ರಿಪೋರ್ಟ್ ಕೈಯಲ್ಲಿದೆ. 2006ರಲ್ಲಿ ರಾಜ್ಯದ ಊರೂರನ್ನೇ ಮಲಗಿಸಿದ ಕೀಲುನೋವು ಇದು. ಡಾಕ್ಟರ್ ರಿಪೋರ್ಟ್ ಎರಡು ಸಲ ಓದಿ, ಬಿಪಿ ನೋಡಿ, ಅಲ್ಸರ್ ಇತ್ತಾ, ಕಿಡ್ನಿ ತೊಂದರೆ ಇದೆಯಾ ಎಂದು ಕೇಳಿ, ಚೀಟಿಯಲ್ಲಿ ನ್ಯಾಪ್ರೊಕ್ಸೆನ್ ಬರೆದರು. ಅದೇ ಬಳಗದ್ದು.

ಹುಡುಗ ಬಗ್ಗಿ ನೋಡಿ, ‘ಇವನಿಗೆ ಕೊಡ್ತೀರಲ್ಲ ಮೇಡಂ?’ ಎಂದ.

‘ಇವನ ಜ್ವರ ಮುಗಿದಿದೆ, ಯಾವ ಜ್ವರ ಅಂತಾನೂ ಗೊತ್ತಿದೆ’ ಎಂದು ಅವರು ಚೀಟಿಯನ್ನು ಜೊತೆಗಾರನ ಕಡೆ ತಳ್ಳಿದರು. ‘ಐದು ದಿನ, ಬೆಳಗ್ಗೆ ರಾತ್ರಿ, ಊಟ ಆದ ಮೇಲೆ. ಹೊಟ್ಟೆ ಉರಿ ಬಂದ್ರೆ, ಮಲ ಕಪ್ಪಗೆ ಹೋದ್ರೆ ನಿಲ್ಸಿ ತಕ್ಷಣ ಬನ್ನಿ. ಉಳಿದಿದ್ದನ್ನ ಎತ್ತಿಟ್ಟು ಮುಂದಿನ ಜ್ವರಕ್ಕೆ ಹಾಕ್ಕೋಬೇಡಿ, ಮನೆಲಿ ಬೇರೆಯವರಿಗೂ ಕೊಡಬೇಡಿ. ಮುಂದಿನೋರು ಬನ್ನಿ.’